ಹಣೆಗೆ ಹೋಗುವ ಕೈ

ಕೌದಳ್ಳಿಯ ಮಾದಸ್ವಾಮಿ ಶಾಮಿಯಾನ ಕಟ್ಟುವವನು. ಅವನು ಏಣಿ ಹತ್ತಿದ್ದನ್ನು ಕಂಡವರಿಲ್ಲ. ಹಗ್ಗ ಹಿಡಿದು ಒಮ್ಮೆ ಎಗರಿದರೆ ಕಂಬದ ನೆತ್ತಿಗೆ ಕುಣಿಕೆ ಬಿದ್ದಿರುತ್ತದೆ. ಮದುವೆಮನೆಯವರು ಅದನ್ನು ನೋಡಲೆಂದೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕೆಲಸ ಮುಗಿದರೆ ಫುಟ್‌ಬಾಲ್. ಹದಿನಾಲ್ಕು ವರ್ಷಗಳಿಂದ ಕೊಳ್ಳೇಗಾಲದ ಕ್ಲಬ್ಬೊಂದಕ್ಕೆ ಅವನೇ ಗೋಲ್‌ಕೀಪರ್.

ಈ ವರ್ಷ ಕ್ಲಬ್ಬಿನವರು ಹೊಸ ನಿಯಮ ತಂದರು. ಹಿರಿಯರಿರಲಿ, ಹುಡುಗರಿರಲಿ, ಎಲ್ಲರಿಗೂ ಬಲದ ಪರೀಕ್ಷೆ, ಎಗರುವ ಪರೀಕ್ಷೆ. ಗೋಲ್‌ಕೀಪರ್ ಜಾಗ ಒಂದೇ; ನಿಂತವರು ಇಬ್ಬರು, ಮೂವತ್ತೈದರ ಮಾದಸ್ವಾಮಿ ಮತ್ತು ಇಪ್ಪತ್ತೆರಡರ ಶಾಂತರಾಜು. ಈ ಸಲ ತಪ್ಪಿದರೆ ಮಾದಸ್ವಾಮಿಯ ಆಟ ಮುಗಿದಂತೆಯೇ.

ಪರೀಕ್ಷಿಸಲು ಬಂದವಳು ಯಳಂದೂರಿನ ದೀಪಶ್ರೀ, ಕ್ರೀಡಾ ವಿಜ್ಞಾನ ಓದಿದವಳು. ಹಿಡಿಬಲ ಅಳೆಯುವ ಯಂತ್ರವನ್ನು ಮಾದಸ್ವಾಮಿ ಹಿಂಡಿದ ರಭಸಕ್ಕೆ, "ಸಾಕು ಬಿಡಿ, ಮುರಿದೀತು!" ಎಂದಳು. ಶಾಂತರಾಜೂ ಅಷ್ಟೇ ಹಿಂಡಿದ. ಇಬ್ಬರೂ ಸಮ. ಇನ್ನು ಎಗರುವುದೇ ತೀರ್ಪು.

ಅದು ಸುಲಭದ ಪರೀಕ್ಷೆ. ಬೆರಳಿಗೆ ಬಿಳಿಪುಡಿ ಹಚ್ಚಿಕೊಂಡು ಎಗರಿ ಗೋಡೆಯ ಕಪ್ಪು ಹಲಗೆ ಮುಟ್ಟಬೇಕು. ನಿಂತಲ್ಲೇ ಕೈಯೆತ್ತಿ ಮೊದಲೇ ಹಾಕಿದ ಗುರುತಿಗಿಂತ ಎಷ್ಟು ಮೇಲೋ ಅಷ್ಟು ಅಂಕ. ಮೂರು ಅವಕಾಶ. ಶಾಂತರಾಜು ಐವತ್ತೊಂದು ಸೆಂಟಿಮೀಟರ್ ಎಗರುವ ಹೊತ್ತಿಗೆ ಪುಡಿ ಖಾಲಿಯಾಯಿತು. ಉಳಿದವನು ಮಾದಸ್ವಾಮಿ ಒಬ್ಬನೇ.

"ಅದ್ಕೇನ್ ಮೇಡಮ್, ಮಾದಪ್ಪನ ಬೆಟ್ಟದ್ದು ನನ್ ತಾವೇ ಅದೆ," ಎನ್ನುತ್ತ ಜೇಬಿನಿಂದ ವಿಭೂತಿ ಪೊಟ್ಟಣ ತೆಗೆದು ಪುಡಿಯ ತಟ್ಟೆಗೆ ಸುರಿದ.

ಮೂರು ಬೆರಳು ಅದ್ದಿ ಎಗರಿದ. ಮೈದಾನವೆಲ್ಲ "ಓ!" ಎಂದಿತು. ಹಲಗೆಯ ಮೇಲೆ ಮಾತ್ರ ಹೊಸ ಗುರುತೇ ಇಲ್ಲ. ಅವನ ಹಣೆಯ ಮೇಲೆ ಮೂರು ಪಟ್ಟೆ ಬೆಳಗುತ್ತಿದ್ದವು.

"ಗುರುತಿಲ್ಲ. ಸೊನ್ನೆ," ಎಂದಳು ದೀಪಶ್ರೀ.

"ನೀವೇ ಕಣ್ಣಾರೆ ನೋಡುದ್ರಲ್ಲ ಮೇಡಮ್!"

"ನಾನು ನೋಡಿದೆ ಅಣ್ಣ. ಹಲಗೆ ನೋಡಲಿಲ್ಲ."

ಹಣೆ ತುಂಬಿದೆಯಲ್ಲ ಎಂಬ ಧೈರ್ಯದಲ್ಲಿ ಎರಡನೇ ಸಲ ಅದ್ದಿದ. ಕೈ ಕುತ್ತಿಗೆಗೆ ಹೋಯಿತು. ಮತ್ತೆ ಸೊನ್ನೆ. ವಿಭೂತಿ ತಾಗಿದ ಬೆರಳು ಚಿಕ್ಕಂದಿನಿಂದ ಕಲಿತ ದಾರಿಯನ್ನೇ ಹಿಡಿಯುತ್ತದೆ. ಕ್ಲಬ್ಬಿನ ನಿಯಮ ಅದಕ್ಕೇನು ಗೊತ್ತು?

"ಅಣ್ಣೋ, ಆಟುಕ್ ಬಂದಿದ್ದೀಯೋ ಪೂಜೆಗೋ?" ಎಂದು ಶಾಂತರಾಜು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಮಾದಸ್ವಾಮಿ ತನ್ನ ಕೈಯನ್ನೇ ನೋಡುತ್ತ ನಿಂತದ್ದು ಕಂಡು ಅವನ ನಗು ನಿಂತಿತು. ನೇರ ಬಂದು ಮಾದಸ್ವಾಮಿಯ ಮುಂಗೈ ಹಿಡಿದು, ತಾನೇ ತಟ್ಟೆಗೆ ಅದ್ದಿಸಿ, ಕಳ್ಳನನ್ನು ಎಳೆದೊಯ್ಯುವ ಪೊಲೀಸಿನಂತೆ ಹಲಗೆಯ ಮುಂದೆ ತಂದು ನಿಲ್ಲಿಸಿದ.

"ಬುಡ್ಲಾ ಕೈಯ!"

"ಬುಟ್ರೆ ಒಟ್ಟೆಗೆ ಬಳ್ಕತೀಯ. ಊಂ, ಈಗ ಎಗರು!"

ಐವತ್ತಮೂರು.

ಶಾಂತರಾಜು ಹಲಗೆಯ ಮೇಲಿನ ಮೂರು ಬಿಳಿ ಗುರುತುಗಳನ್ನೇ ನೋಡಿದ. "ಯಾಕಾದ್ರೂ ಇಡ್ಕಂಡ್ನೋ ನಿನ್ ಕೈಯ," ಎಂದು ಗೊಣಗಿದ.

ತಟ್ಟೆಯಲ್ಲಿ ಇನ್ನೂ ಚೂರು ವಿಭೂತಿ ಉಳಿದಿತ್ತು. ಮಾದಸ್ವಾಮಿ ಬೆರಳದ್ದಿ, "ಬಗ್ಗಲಾ," ಎಂದ.

ಶಾಂತರಾಜು ಗೊಣಗುತ್ತಲೇ ಹಣೆಯೊಡ್ಡಿದ.