ಬಿಡುಗಡೆ ಸಿಗದ ಮಿಸ್ತ್ರಿ

ಮಿಸ್ತ್ರಿಯವರ ಬಲಗೈಯ ಹಿಂಭಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಎಂಜಿನ್ನಿನ ಕಾವಿಗೆ ಸುಟ್ಟು ಸುಟ್ಟು ಚರ್ಮ ನುಣುಪಾಗಿ ಹೊಳೆಯುತ್ತಿತ್ತು. ಯಾವ ಯಂತ್ರವನ್ನೇ ಆಗಲಿ, ಮೊದಲು ಮುಟ್ಟುತ್ತಿದ್ದುದು ಹಿಂಗೈಯಿಂದ. ನಾನು ಕೆಲಸಕ್ಕೆ ಸೇರಿದ ದಿನ ಅಂಗೈ ಚಾಚಿದ್ದನ್ನು ಕಂಡು ಮಣಿಕಟ್ಟು ಹಿಡಿದು ಎಳೆದಿದ್ದರು.

“ಹಿಂಗೈಲೆ ಮುಟ್ರಿ ಸಾಹೇಬ್ರ. ಅಂಗೈಲೆ ಮುಟ್ಟಿದ್ರ, ಕರೆಂಟ್ ಹೊಡದಾಗ ಬೆರಳ ಮಡಚಿ ಹಿಡಕೋತಾವು. ಆಮ್ಯಾಲೆ ಬಿಡಬೇಕಂದ್ರೂ ಬಿಡಾಕ ಆಗೂದಿಲ್ಲ.”

ಐವತ್ತರ ದಶಕದ ಕೊನೆಯ ಮಾತು. ಹುಕ್ಕೇರಿ ತಾಲೂಕಿನ ಒಂದು ಸಂತೆಯೂರಿಗೆ ಖಾಸಗಿ ಕಂಪನಿಯೊಂದು ಎಣ್ಣೆ ಎಂಜಿನ್ ಓಡಿಸಿ ದೀಪ ಕೊಡುತ್ತಿತ್ತು. ಡಿಪ್ಲೊಮಾ ಮುಗಿಸಿದ ನಾನು ಅಲ್ಲಿಗೆ ಸೂಪರ್‌ವೈಸರ್ ಆಗಿ ಬಂದೆ. ಮಿಸ್ತ್ರಿಯವರು ಯಮಕನಮರಡಿಯ ಕುರಿಗಾರ ಮನೆತನದವರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಹದಿನೈದು ವರ್ಷದಿಂದ ಅದೇ ಎಂಜಿನ್ನಿನ ಮುಂದೆ ನಿಂತವರು. ಅದು ಮುದಿ ಯಂತ್ರ. ಅವರಲ್ಲದೆ ಬೇರೆ ಯಾರ ಕೈಗೂ ಚಾಲೂ ಆಗುತ್ತಿರಲಿಲ್ಲ. ಹೀಗಾಗಿ ಅವರಿಗೆ ರಜೆಯೂ ಇರಲಿಲ್ಲ. ತಂಗಿಯ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಮೊದಲೇ ಕಂಪನಿಯ ಜೀಪು ಹೋಗಿ ಅವರನ್ನು ಕರೆತಂದಿತ್ತಂತೆ.

ಹಿಡಕಲ್ಲಿನಲ್ಲಿ ಅಣೆಕಟ್ಟಿನ ಕೆಲಸಕ್ಕೆ ಜನರೇಟರ್ ನಡೆಸುವವರು ಬೇಕಾದಾಗ ಅವರು ಅರ್ಜಿ ಹಾಕಿದರು, ಆಯ್ಕೆಯೂ ಆದರು. ಸರಕಾರಿ ನೌಕರಿ, ವಯಸ್ಸಿನ ಮಿತಿ ದಾಟಲು ಇನ್ನೊಂದೇ ವರ್ಷವಿತ್ತು. ಕಂಪನಿಯ ಬಿಡುಗಡೆ ಪತ್ರವೊಂದು ಸಿಕ್ಕಿದ್ದರೆ ಸಾಕಿತ್ತು.

ಮ್ಯಾನೇಜರು ನನ್ನನ್ನು ಕರೆದು ಕೇಳಿದರು: “ಮಿಸ್ತ್ರಿ ಹೋದ್ರ ನೀವು ನಡಸ್ತೀರೇನ್ರಿ?”

ಎಂಜಿನ್ ನಿಂತರೆ ಊರೆಲ್ಲ ನನ್ನ ಮೇಲೆ ಬೀಳುತ್ತದೆಂದು ನನಗೆ ಅಂಜಿಕೆ. “ಇನ್ನೂ ಆರು ತಿಂಗಳು ಬೇಕ್ರಿ” ಎಂದೆ. ಪತ್ರ ಸಿಗಲಿಲ್ಲ. ಹಿಡಕಲ್ಲಿನ ಆ ಜಾಗಕ್ಕೆ ಬೇರೆಯವರು ಬಂದರು.

ನಾನು ಹಾಗೆ ಹೇಳಿದ್ದು ಅವರಿಗೆ ಗೊತ್ತಾಯಿತು. ಮರುದಿನ ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಎಂಜಿನ್ನಿನ ಮುಚ್ಚಳ ಬಿಚ್ಚಿ ನನ್ನ ಕೈಗೆ ಬೋಲ್ಟು ಬಿಚ್ಚುವ ಪಾನಾ ಕೊಟ್ಟರು.

“ಬರ್ರಿ, ಕಲಸ್ತೇನಿ. ನಿಮಗ ಬಂದ್ರನ ನನಗ ಹೊರಗ ಹೋಗಾಕ ದಾರಿ.”

ಕಲಿಸಿದರು. ಸದ್ದು ಕೇಳಿ ಯಾವ ಬೇರಿಂಗ್ ಸವೆದಿದೆ ಎಂದು ಹೇಳುವುದು, ಹೊಗೆಯ ಬಣ್ಣ ನೋಡಿ ಎಣ್ಣೆಯ ಪ್ರಮಾಣ ತಿದ್ದುವುದು, ಹಳೆಯ ಟ್ಯೂಬು ಕತ್ತರಿಸಿ ವಾಷರು ಮಾಡುವುದು. ನನ್ನ ಪುಸ್ತಕಗಳಲ್ಲಿ ಇದಾವುದೂ ಇರಲಿಲ್ಲ. ನಾನು ಒಂದು ದಿನ ಒಬ್ಬನೇ ಎಂಜಿನ್ ಚಾಲೂ ಮಾಡಿದಾಗ ಅವರು ಬಾಗಿಲ ಹೊರಗೆ ಹೋಗಿ ನಿಂತರು, ಬಹಳ ಹೊತ್ತು ಒಳಗೆ ಬರಲಿಲ್ಲ.

ಐದನೆಯ ತಿಂಗಳಿಗೆ ಹಿಡಕಲ್ಲಿನಿಂದ ಮತ್ತೊಂದು ಆದೇಶ ಬಂತು. ಅದು ನನ್ನ ಹೆಸರಿಗೆ. ಅವರಿಗೆ ತಿಳಿಸದೆ ಅರ್ಜಿ ಹಾಕಿದ್ದೆ. ಕಾಗದ ತೋರಿಸಿ, ನಾನು ಹೋಗುವುದಿಲ್ಲ ಎಂದೆ. ಆ ಮಾತು ಖರೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಎರಡು ಸಲ ಓದಿ, ನೀಟಾಗಿ ಮಡಚಿ ತಿರುಗಿ ಕೊಟ್ಟರು.

“ಇಬ್ರೂ ಯಾಕ ಇಲ್ಲೇ ಕೊಳೀಬೇಕ್ರಿ? ಹೋಗ್ರಿ.”

ಮ್ಯಾನೇಜರು ಅಂದೇ ನನ್ನ ಪತ್ರಕ್ಕೆ ಸಹಿ ಹಾಕಿದರು. “ಮಿಸ್ತ್ರಿ ಅದಾನಲ್ಲ, ಏನೂ ಚಿಂತಿಲ್ಲ” ಎಂದರು.

ಕೆಲವು ವರ್ಷಗಳಲ್ಲಿ ಹೊರಗಿನ ವಿದ್ಯುತ್ ತಂತಿ ಆ ಊರಿಗೂ ಬಂತು. ಕಂಪನಿ ಮುಚ್ಚಿತು. ಅಷ್ಟರಲ್ಲಿ ಮಿಸ್ತ್ರಿಯವರ ವಯಸ್ಸು ಯಾವ ನೌಕರಿಗೂ ಮೀರಿತ್ತು. ತೋಟದ ಪಂಪುಗಳನ್ನು ರಿಪೇರಿ ಮಾಡುತ್ತ ದಿನ ಕಳೆದರು. ನಾನು ಒಂದೊಂದೇ ಹುದ್ದೆ ಏರುತ್ತ ಹೋದೆ; ಅವರನ್ನು ನೋಡಲು ಹೋಗಲಿಲ್ಲ. ಹೋದದ್ದು ಅವರು ತೀರಿದ ಸುದ್ದಿ ಬಂದ ಮೇಲೆ.

ಅವರ ಮಗಳು ನೀರು ತಂದುಕೊಟ್ಟು ನನ್ನ ಗುರುತು ಕೇಳಿದಳು. ಹೇಳಿದೆ. ಅವಳ ಮುಖ ಅರಳಿತು.

“ನೀವ ಏನ್ರಿ? ನಮ್ಮಪ್ಪ ಬಂದವರ ಮುಂದೆಲ್ಲಾ ಹೇಳ್ತಿದ್ರು, ನಾ ಕಲಿಸಿದಾಂವ ಹಿಡಕಲ್ಲದಾಗ ಇಂಜಿನಿಯರ್ ಅದಾನಂತ.”

ಹೌದವ್ವಾ, ನನಗೆ ಎಲ್ಲ ಕಲಿಸಿದವರು ಅವರೇ ಎಂದೆ. ಉಳಿದದ್ದನ್ನು ಅವರು ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಲಾರದೆ ಎದ್ದು ಬಂದೆ.