ಹೊರಗಿನ ಬೆಂಚು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಸಮಾಲೋಚಕಿಯಾಗಿದ್ದೆ. ಮನೆಯಲ್ಲಿ ಪೆಟ್ಟು ತಿಂದು ಬಂದವರ ಮಾತು ಕೇಳುವುದು ನನ್ನ ಕೆಲಸ. ಯಾರೇ ಬರಲಿ, ಮೊದಲು ಇಷ್ಟು ಹೇಳಲೇಬೇಕು: "ನೀವು ಹೇಳಿದ್ದು ಈ ಖೋಲಿ ದಾಟೂದಿಲ್ಲ. ಜೀವಕ್ಕ ಧಕ್ಕಿ ಇದ್ರ ಮಾತ್ರ ಬ್ಯಾರೆಯವರಿಗೆ ಹೇಳಬೇಕಾಗತೈತಿ, ಅದನ್ನೂ ನಿಮಗ ತಿಳಿಸೇ ಹೇಳತೇನಿ. ಬ್ಯಾಡ ಅನ್ನಿಸಿದ್ದನ್ನ ಹೇಳಬ್ಯಾಡ್ರಿ." ಎಲ್ಲರೂ ತಲೆಯಾಡಿಸುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ನಮ್ಮ ಕಡೆ ಹೆಂಗಸನ್ನು ಒಬ್ಬಳನ್ನೇ ಎಲ್ಲಿಗೆ ಕಳಿಸುತ್ತಾರೆ! ಮನೆಯವರೊಬ್ಬರು ಪಕ್ಕದಲ್ಲೇ ಕೂತಿರುತ್ತಿದ್ದರು.

ಹಾಗೇ ಒಬ್ಬ ಸೊಸೆ ಅತ್ತೆಯ ಜೊತೆ ಬಂದಳು. ಊರು ಸವದತ್ತಿ ಕಡೆಯದು, ಅಷ್ಟೇ ಹೇಳುತ್ತೇನೆ. ಸೊಸೆಯ ತೋಳಿನ ಮೇಲೆ ಬಾಸುಂಡೆ. ಹೊಡೆದವನು ಈ ಅತ್ತೆಯ ಮಗನೇ. "ಆಕಿಗೆ ಬಾಯಿಲ್ಲರಿ, ನಾನೇ ಹೇಳತೇನಿ" ಎಂದು ಅತ್ತೆ ಕುರ್ಚಿಯಲ್ಲಿ ಠಿಕಾಣಿ ಹೂಡಿದಳು. ಸೊಸೆ ಆಡಿದ ಮಾತು ಮನೆ ಮುಟ್ಟಿದರೆ ಮತ್ತೆ ಪೆಟ್ಟು ಬೀಳುತ್ತಿತ್ತು. "ನೀವು ಹೊರಗ ಬೆಂಚಿನ ಮ್ಯಾಲ ಕುಂದರ್ರಿ" ಅಂದೆ.

ಅತ್ತೆಯ ಸಿಟ್ಟು ನೆತ್ತಿಗೇರಿತು. ಹೊರಗೆ ಕೂತು ನನ್ನ ವಂಶವನ್ನೆಲ್ಲ ಜಾಲಾಡಿದಳು. ಒಳಗೆ ಸೊಸೆ ಮೊದಲ ಸಲ ಬಾಯಿ ಬಿಟ್ಟಳು.

ಆಮೇಲೆ ಬಂದಾಗೆಲ್ಲ ಅತ್ತೆ ಸೆರಗಿನಲ್ಲಿ ಶೇಂಗಾ ಉಂಡೆ ಕಟ್ಟಿಕೊಂಡು ಬರುತ್ತಿದ್ದಳು. "ನನ್ನ ಬಗ್ಗೆ ಏನರೆ ಅಂದ್ಲೇನ್ರಿ? ಅಷ್ಟು ಹೇಳ್ರಿ ಸಾಕು" ಎಂದು ಪೂಸಿ ಹೊಡೆಯುವಳು. ನಾನು ಉಂಡೆ ತಿನ್ನುತ್ತಿದ್ದೆ, ಹೇಳುತ್ತಿರಲಿಲ್ಲ. "ಗಟ್ಟಿ ಪಿಂಡ ಬಿಡವ್ವಾ ನೀ!" ಎಂದು ಬೈದು ಇನ್ನೊಂದು ಕೊಡುವಳು. ಆ ಮುದುಕಿಯ ಮೇಲೆ ನನಗೆ ಪ್ರೀತಿಯೇ ಹುಟ್ಟಿಬಿಟ್ಟಿತ್ತು.

ಒಂದು ಮಧ್ಯಾಹ್ನ ಸೊಸೆಯನ್ನು ಬೆಂಚಿನ ಮೇಲೆ ಕೂರಿಸಿ ತಾನು ಒಳಗೆ ಬಂದಳು, ಬಾಗಿಲು ಮುಚ್ಚಿದಳು. ಜಗಳಕ್ಕೇ ಬಂದಳು ಅಂದುಕೊಂಡೆ. ಕುರ್ಚಿಯ ತುದಿಗೆ ಕೂತು ಕೇಳಿದಳು, "ಖೋಲಿ ದಾಟೂದಿಲ್ಲ ಅಂತ ಆಕಿಗೆ ಹೇಳಿದ್ರಲ್ಲಾ, ಅದು ನನಗೂ ಐತೇನ್ರಿ?"

"ಐತ್ರಿ."

"ನನ್ನ ಮಗಗ ಹೇಳೂದಿಲ್ಲ?"

"ಯಾರಿಗೂ ಹೇಳೂದಿಲ್ರಿ."

ಅವಳು ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು. ಹೊರಡುವಾಗ ಸೊಸೆ ನನ್ನ ಕಿವಿಯ ಹತ್ತಿರ ಬಂದು, "ನಮ್ಮತ್ತಿ ಏನಂದ್ರರಿ?" ಎಂದಳು. ನಾನು ಅವಳ ಕೈಗೊಂದು ಉಂಡೆ ಇಟ್ಟೆ.

ಮುಂದೆ ಸೊಸೆ ಗಂಡನನ್ನು ಬಿಟ್ಟು ಬೇರೆ ಮನೆ ಮಾಡಿದಳು. ಅತ್ತೆಯನ್ನೂ ಜೊತೆಗೇ ಕರೆದೊಯ್ದಳು. "ಹೆಸರು ಬ್ಯಾಡ, ಉಳಿದದ್ದು ಬರೀರಿ" ಎಂದು ಸೊಸೆ ಮೊನ್ನೆ ಒಪ್ಪಿಗೆ ಕೊಟ್ಟಿದ್ದಾಳೆ. ಅತ್ತೆ ತೀರಿಹೋಗಿದ್ದಾಳೆ, ಇನ್ನು ಕೇಳುವಂತಿಲ್ಲ. ಹಾಗಾಗಿ ಅವತ್ತು ಅವಳು ಹೇಳಿದ್ದನ್ನು ನಿಮಗೂ ಹೇಳುವುದಿಲ್ಲ.