ಮನೆಯ ಟ್ಯಾಂಕಿಗೊಂದು ತೂತು

ಬೀದಿಗೆ ಇನ್ನೂ ಹಾಲಿನವನ ಸೈಕಲ್ಲೂ ಬಂದಿಲ್ಲ. ಅಂಗಡಿಯ ಷಟರ್ ಅರ್ಧ ಎತ್ತಿದೆ. ನೆಲದ ಮೇಲೆ ಹಳೆಯ ಪೇಪರು ಹಾಸಿ, ಎರಡು ಮರದ ತುಂಡುಗಳ ಮೇಲೆ ಗಾಳಿ ಒತ್ತುವ ಕಂಪ್ರೆಸರಿನ ಕೆಂಪು ಬಣ್ಣದ ಕಬ್ಬಿಣದ ಟ್ಯಾಂಕೊಂದನ್ನು ಮಲಗಿಸಿ, ಗಾಳಿಯಣ್ಣ ಅದರ ಬಾಯಿಗೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದಾರೆ. ಗಾಳಿ ಇರಬೇಕಾದ ಕಡೆ ನೀರು ತುಂಬುವುದನ್ನು ಹೊಸಬರು ಕಂಡರೆ, ಈ ಮನುಷ್ಯನಿಗೆ ಇನ್ನೂ ನಿದ್ದೆಗಣ್ಣು ಎಂದುಕೊಂಡಾರು.

ಆದರೆ ಇದು ಪರೀಕ್ಷೆ. ಟ್ಯಾಂಕಿಗೆ ಕಂಠಮಟ್ಟ ನೀರು ತುಂಬಿ, ಒಳಗೆ ಗುಳ್ಳೆಯಷ್ಟೂ ಗಾಳಿ ಉಳಿಯದಂತೆ ಮುಚ್ಚಿ, ಕೈಪಂಪಿನಿಂದ ಒತ್ತಡ ಏರಿಸಬೇಕು. ದಿನನಿತ್ಯ ಹೊರುವ ಒತ್ತಡದ ಒಂದೂವರೆಪಟ್ಟನ್ನು ತಡೆದರೆ ಟ್ಯಾಂಕು ಪಾಸು.

"ಗಾಳಿ ತುಂಬಿ ಪರೀಕ್ಷೆ ಮಾಡಿದ್ರೆ, ಅದು ಫೇಲಾದಾಗ ಅದರ ಜೊತೆ ನಾನೂ ಫೇಲು. ಚೂರುಚೂರಾಗಿ ಸಿಡಿಯುತ್ತೆ. ನೀರಾದ್ರೆ ಪಾಪ, ಒಂದು ಹನಿ ಅತ್ತು ಸುಮ್ಮನಾಗುತ್ತೆ," ಎನ್ನುತ್ತಾರೆ ಗಾಳಿಯಣ್ಣ.

ಆ ಒಂದು ಹನಿಯ ವಿಷಯದಲ್ಲಿ ಅವರು ಕಟುಕರು. ಹನಿ ಕಂಡರೆ ಡ್ರಿಲ್ ಎತ್ತಿಕೊಂಡು ಟ್ಯಾಂಕಿನ ಹೊಟ್ಟೆಗೆ ಹೆಬ್ಬೆರಳು ತೂರುವಂಥ ತೂತು ಹೊಡೆಯುತ್ತಾರೆ. ಇನ್ನು ಯಾರೂ ಅದಕ್ಕೆ ತೇಪೆ ಹಾಕಿ, ಬಣ್ಣ ಬಳಿದು, ಮತ್ತೊಬ್ಬರ ಮನೆಗೆ ದಾಟಿಸಬಾರದು. ಗೋಡೆಯ ಮೊಳೆಗಳಿಗೆ ಇಂಥ ತೂತಿನ ಟ್ಯಾಂಕುಗಳು ಸಾಲಾಗಿ ನೇತುಬಿದ್ದಿವೆ. ಪ್ರತಿಯೊಂದರ ಹಿಂದೆಯೂ ಬೈದು ಹೋದ ಗಿರಾಕಿಯೊಬ್ಬರಿದ್ದಾರೆ.

ಇವತ್ತಿನ ಟ್ಯಾಂಕು ಗಿರಾಕಿಯದಲ್ಲ, ಹೆಂಡತಿಯದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮಾವನದು. ಬೆಸುಗೆ ಕೆಲಸದ ಮಾವ ತಮ್ಮ ಕೊನೆಗಾಲದಲ್ಲಿ, ಗಾಳಿಯಿಂದ ಬಣ್ಣ ಊದುವ ಮಗಳ ಹವ್ಯಾಸಕ್ಕೆಂದು ತಗಡು ಬಗ್ಗಿಸಿ ಅಂಚು ಬೆಸೆದು ಮಾಡಿಕೊಟ್ಟದ್ದು. ಅವರ ಕೈಯ ಗುರುತು ಎಂದು ಆ ಮನೆಯಲ್ಲಿ ಉಳಿದಿರುವುದು ಇದೊಂದೇ. ಹನಿ ಕಂಡರೆ ಏನು ಮಾಡಬೇಕೆಂಬುದು ಗಾಳಿಯಣ್ಣನಿಗೆ ಗೊತ್ತು. ಕೈಪಂಪಿನ ಹಿಡಿ ಹಿಡಿದವರು ಇನ್ನೂ ಒತ್ತುತ್ತಿಲ್ಲ.

ಅವರು ಈ ಕಸುಬಿಗೆ ಬಂದದ್ದು ಫ್ರಿಜ್ ರಿಪೇರಿಯ ದಾರಿಯಲ್ಲಿ. ಗುಜರಿಗೆ ಬಿದ್ದ ಫ್ರಿಜ್ಜಿನ ಮೋಟಾರು ಗಾಳಿಯನ್ನೂ ಒತ್ತಬಲ್ಲದು, ಅದೂ ಬೆಕ್ಕು ಮಲಗಿದಷ್ಟು ಸದ್ದಿನಲ್ಲಿ, ಎಂದು ತೋರಿಸಿಕೊಟ್ಟವರು ಇದೇ ಮಾವ. ಆಮೇಲೆ ಬಂದವರು ಏರ್‌ಬ್ರಶ್ ಹವ್ಯಾಸಿಗಳು: ಪೆನ್ನಿನಂಥ ಕೊಳವೆಯಿಂದ ಬಣ್ಣವನ್ನು ಮಂಜಿನ ಹಾಗೆ ಊದಿ, ಆಟಿಕೆ ವಿಮಾನಕ್ಕೋ ಮರದ ಹಕ್ಕಿಗೋ ಜೀವ ತರುವವರು. ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಇವರಿಗೆ ಗಾಳಿಯ ಬಗ್ಗೆ ಮಾತಾಡಲು ಒಬ್ಬರು ಬೇಕಿತ್ತು.

ಕಂಪ್ರೆಸರ್ ಕೊಳ್ಳಲು ಬಂದವರಿಗೆ ಗಾಳಿಯಣ್ಣ ಕೇಳುವ ಮೊದಲ ಪ್ರಶ್ನೆ ವಿಚಿತ್ರ: "ಪಕ್ಕದ ರೂಮಲ್ಲಿ ಯಾರು ಮಲಗ್ತಾರೆ?"

ಮಗು ಮಲಗುತ್ತದೆ ಎಂದರೆ ಫ್ರಿಜ್ಜಿನ ಮೋಟಾರಿನದು. ಅದಕ್ಕೆ ಎಣ್ಣೆ ನೋಡುತ್ತಿರಬೇಕು. ಮರೆತರೆ ಗಾಳಿಯ ಜೊತೆ ಎಣ್ಣೆಯೂ ಚಿತ್ರದ ಮೇಲೆ ಇಳಿಯುತ್ತದೆ. ಮರೆವಿನವರಿಗೆ ಎಣ್ಣೆ ಬೇಡದ್ದು, ಆದರೆ ಅದು ಗಲಾಟೆ ಜಾಸ್ತಿ. ಯಾವುದಾದರೂ ಸರಿ, ಟ್ಯಾಂಕು ಇಲ್ಲದ್ದು ಮಾತ್ರ ಬೇಡ ಎಂಬುದು ಅವರ ಹಟ. "ಟ್ಯಾಂಕಿಲ್ಲದಿದ್ರೆ ಗಾಳಿ ಬಿಕ್ಕಳಿಸುತ್ತೆ. ಗೆರೆ ಎಳೆದ್ರೆ ಮಣಿಸರ ಆಗುತ್ತೆ."

ಆದರೆ ಟ್ಯಾಂಕಿಗೊಂದು ಕಾಯಿಲೆ ಇದೆ. ಒತ್ತಿದ ಗಾಳಿ ತಣ್ಣಗಾದಾಗ ಅದರಲ್ಲಿನ ತೇವ ನೀರಾಗಿ ತಳಕ್ಕಿಳಿಯುತ್ತದೆ. ಕೆಲಸ ಮುಗಿಸಿ ಏಳುವಾಗ ಗಾಳಿ ಇಳಿಸಿ, ತಳದ ತಿರುಪು ಸಡಿಲಿಸಿ ನೀರು ಬಿಟ್ಟುಬಿಡಬೇಕು. ಒಂದು ಲೋಟ ನೀರು ಕುಡಿದಷ್ಟು ಹೊತ್ತಿನ ಕೆಲಸ. ಹಾಗಾಗಿಯೇ ಯಾರೂ ಮಾಡುವುದಿಲ್ಲ. ಹೊರಗೆ ಬಣ್ಣ ಮಿರಿಮಿರಿ ಮಿಂಚುತ್ತಿರುವಾಗ ಒಳಗೆ ತುಕ್ಕು ಸದ್ದಿಲ್ಲದೆ ತಗಡು ತಿನ್ನುತ್ತಿರುತ್ತದೆ.

ಕಳೆದ ವಾರ ಹೀಗೆ ತಿನ್ನಿಸಿಕೊಂಡು ಬಂದದ್ದು ಬಸ್ ಡ್ರೈವರೊಬ್ಬರ ಟ್ಯಾಂಕು. ಹಗಲೆಲ್ಲ ಬಸ್ಸು ಓಡಿಸಿ, ಮನೆಗೆ ಬಂದು ಅಂಗೈಯಗಲದ ಬಸ್ಸುಗಳಿಗೆ ಬಣ್ಣ ಹೊಡೆಯುವ ಮನುಷ್ಯ ಅವರು. ಹನಿ ಕಂಡಿತು, ಡ್ರಿಲ್ ಓಡಿತು. ಡ್ರೈವರು ಕೆಂಡವಾದರು.

"ಏನಣ್ಣ, ರಿಪೇರಿಗೆ ತಂದ್ರೆ ಹೆಣ ಮಾಡಿ ಕೊಡ್ತೀರಲ್ಲ!"

"ಹೆಣ ಆಗಿದ್ದನ್ನೇ ನೀವು ತಂದದ್ದು ಸ್ವಾಮಿ. ನಾನು ಬರೀ ನಾಡಿ ನೋಡಿದೆ."

"ಊರವರ ನಾಡಿ ಎಲ್ಲಾ ನೋಡ್ತೀರಿ. ಮೇಲೆ ನಿಮ್ಮನೇಲಿ ಅಕ್ಕನ ಹತ್ರ ಇದೆಯಲ್ಲ ಕೆಂಪು ಟ್ಯಾಂಕು, ಅದರ ನಾಡಿ ಯಾವಾಗ ನೋಡಿದ್ರಿ?"

ಡ್ರೈವರು ಹೊಸದನ್ನೂ ಕೊಳ್ಳದೆ ಹೊರಟುಹೋದರು. ಅಂದಿನಿಂದ ಆ ಮಾತು ಗಾಳಿಯಣ್ಣನಿಗೆ ಹಲ್ಲಿನ ಸಂದಿಯ ನಾರಿನಂತೆ ಕೂತಿತ್ತು. ನಿನ್ನೆ ಸಂಜೆ ಅವರೇ ಮೆಟ್ಟಿಲು ಹತ್ತಿ, ಟ್ಯಾಂಕು ಬಿಚ್ಚಿ ಹೊತ್ತು ತಂದರು. ಹೆಂಡತಿ ಕೇಳಿದ್ದು ಇಷ್ಟೇ: "ಪರೀಕ್ಷೆಗೋ, ಶಿಕ್ಷೆಗೋ?"

ಈಗ ಹೆಂಡತಿಯೂ ಮೆಟ್ಟಿಲಿಳಿದು ಬಂದಿದ್ದಾರೆ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ಎರಡೂ ಕೈಯಲ್ಲಿ ಟೀ ಲೋಟ. ಮರದ ಹಕ್ಕಿಗಳಿಗೆ ಬಣ್ಣ ಊದುವವರು. ಅರ್ಧ ಮುಗಿದ ಮಿಂಚುಳ್ಳಿಯೊಂದು ಮೇಲಿನ ಕೋಣೆಯಲ್ಲಿ ಒಂದೇ ರೆಕ್ಕೆಗೆ ನೀಲಿ ಹೊದ್ದು ಕಾಯುತ್ತಿದೆ.

"ಒತ್ತಿ ಮತ್ತೆ. ನೋಡ್ತಾ ಕೂತ್ರೆ ಅದೇ ಹೇಳುತ್ತಾ?"

ಗಾಳಿಯಣ್ಣ ಒತ್ತುತ್ತಾರೆ. ಒತ್ತಡ ತೋರುವ ಮುಳ್ಳು ಏರುತ್ತದೆ. ಒಣಬಟ್ಟೆಯಿಂದ ಟ್ಯಾಂಕಿನ ಮೈಯೆಲ್ಲ ಒರೆಸುತ್ತಾರೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಮಾವನ ಬೆಸುಗೆಯ ಉದ್ದಕ್ಕೂ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿಯುತ್ತಾರೆ. ಒಣಗಿದೆ. ಇನ್ನೊಂದು ಕೊನೆಯೂ ಒಣಗಿದೆ. ಉಸಿರು ಬಿಡುವಷ್ಟರಲ್ಲಿ ಹೆಂಡತಿ ಬಗ್ಗಿ, ಕೆಳಗೆ ಹಾಸಿದ ಪೇಪರನ್ನು ತೋರಿಸುತ್ತಾರೆ. ತಳದ ನೇರಕ್ಕೆ, ಒಂದು ಜಾಹೀರಾತಿನ ಮೇಲೆ, ನಾಣ್ಯದಷ್ಟಗಲ ಒದ್ದೆ.

ಗಾಳಿಯಣ್ಣ ಟ್ಯಾಂಕಿನ ತಳಕ್ಕೆ ಬೆರಳು ಹಚ್ಚಿ ನೋಡುತ್ತಾರೆ.

"ಬೆಸುಗೆ ಬಿಟ್ಟಿಲ್ಲ ಕಣೇ," ಎನ್ನುತ್ತಾರೆ ಗಾಳಿಯಣ್ಣ. "ನಿಮ್ಮಪ್ಪಂದು ಒಂದು ಕಡೇನೂ ಬಿಟ್ಟಿಲ್ಲ. ನೀರು ನಿಂತ ಜಾಗ ತಿಂದುಹೋಗಿದೆ."

"ನೀರು ಬಿಡೋದು ನೀವು ಅಂದ್ಕೊಂಡಿದ್ದೆ. ದಿನಾ ಊರಿಗೆಲ್ಲ ಅದನ್ನೇ ಹೇಳ್ತೀರಲ್ಲ."

"ನಾನು ನೀನು ಅಂದ್ಕೊಂಡಿದ್ದೆ. ದಿನಾ ಅದನ್ನೇ ಕೇಳಿಸ್ಕೋತೀಯಲ್ಲ."

ಇಬ್ಬರಿಗೂ ನಗು ಬರುತ್ತದೆ, ಬಾರದೆಯೂ ಇರುತ್ತದೆ. ಗಾಳಿಯಣ್ಣ ಟ್ಯಾಂಕಿನ ನೀರು ಚೆಲ್ಲುತ್ತಾರೆ. ಇಟ್ಟಿಗೆ ಪುಡಿ ಕಲಸಿದಂಥ ಬಣ್ಣ. ತೂತು ಹೊಡೆಯದೆ ಹಾಗೇ ಮೇಲೆ ಶೋಕೇಸಿನಲ್ಲಿ ಇಟ್ಟುಕೋ, ಯಾರು ಮುಟ್ಟುತ್ತಾರೆ, ಎಂದು ಮೆಲ್ಲಗೆ ಹೇಳಿ ನೋಡುತ್ತಾರೆ. ಹೆಂಡತಿ ಲೋಟ ಕೆಳಗಿಡುತ್ತಾರೆ.

"ನಾವು ಹೋದ್ಮೇಲೆ ಯಾರಾದ್ರೂ ಮುಟ್ತಾರೆ. ಅಪ್ಪ ಮಾಡಿದ್ದರಿಂದ ಯಾರಿಗೂ ಪೆಟ್ಟಾಗೋದು ಬೇಡ. ತನ್ನಿ ಇಲ್ಲಿ."

ಡ್ರಿಲ್ ಅವರೇ ಹಿಡಿಯುತ್ತಾರೆ. ಬೆಸುಗೆಯಿಂದ ಒಂದು ಗೇಣು ದೂರ, ಹೊಟ್ಟೆಯ ನಟ್ಟನಡುವೆ. ಟ್ಯಾಂಕು ಜಾರದಂತೆ ಗಾಳಿಯಣ್ಣ ಎರಡೂ ಕೈಯಲ್ಲಿ ಒತ್ತಿ ಹಿಡಿದು, ಮುಖ ಮಾತ್ರ ಬೀದಿಯ ಕಡೆ ತಿರುಗಿಸಿಕೊಂಡಿದ್ದಾರೆ.

ಕೆಲಸ ಮುಗಿದ ಮೇಲೆ ಅವರು ಎಂದಿನ ಪ್ರಶ್ನೆ ಕೇಳುತ್ತಾರೆ. "ಹೊಸದು ಮಾಡ್ಬೇಕಲ್ಲ. ಪಕ್ಕದ ರೂಮಲ್ಲಿ ಯಾರು ಮಲಗ್ತಾರೆ?"

"ಗೊರಕೆಯವರೊಬ್ಬರು. ಅವರಿಗಿಂತ ಸದ್ದು ಕಡಿಮೆ ಇದ್ರೆ ಸಾಕು."

ಕೆಂಪು ಟ್ಯಾಂಕು ಗೋಡೆಯ ಸಾಲಿನಲ್ಲಿ ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರದ ಮೊಳೆಗೇರುತ್ತದೆ, ಬೆಸುಗೆ ಕಾಣುವ ಹಾಗೆ. ಬೆಳಗಿನ ಪಾಳಿಗೆ ಹೊರಟ ಡ್ರೈವರು ಅಂಗಡಿಯ ಮುಂದೆ ಹಾಯುವಾಗ ಅದನ್ನು ಕಂಡು ನಿಲ್ಲುತ್ತಾರೆ. ಒಳಗೆ ಬಂದು, ತೂತಿನೊಳಗೆ ಹೆಬ್ಬೆರಳು ಹಾಕಿ ನೋಡುತ್ತಾರೆ.

"ನಮ್ಮನೇಲಿ ಪಕ್ಕದ ರೂಮಲ್ಲಿ ನಮ್ಮಮ್ಮ ಮಲಗ್ತಾರೆ ಅಣ್ಣ," ಎನ್ನುತ್ತಾರೆ, ಸ್ಟೂಲು ಎಳೆದುಕೊಂಡು. "ಯಾವುದು ತಗೊಳ್ಳಲಿ, ಹೇಳಿ."

ಗಾಳಿಯಣ್ಣನಿಗೆ ಬೋರ್ಡಿಲ್ಲ, ಬಿರುದಿಲ್ಲ. ಇಷ್ಟು ವರ್ಷ ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ ಮೊದಲು ಟ್ಯಾಂಕುಗಳ ಕಡೆ, ಆಮೇಲೆ ತಮ್ಮ ಕೈಗಳ ಕಡೆ ನೋಡುತ್ತಾರೆ.

"ಈ ಬೀದಿಯಿಂದ ಹೋದ ಟ್ಯಾಂಕು ಯಾವ ಮನೇಲೂ ಸಿಡಿದಿಲ್ಲ. ಏನೂ ಆಗಿಲ್ಲ ಅನ್ನೋದನ್ನ ತೋರಿಸೋದು ಹೇಗೆ ಹೇಳಿ? ತೂತು ಮಾತ್ರ ತೋರಿಸಬಹುದು."